ಗಂಟೋ ಬೀಜೋ

ರೋಣದಿಂದ ಹೊರಟ ಗಜೇಂದ್ರಗಡದ ಬಸ್ಸು ಸೂಡಿ ದಾಟಿದರೂ ನಬೀಸಾಬ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೇ ಕುಳಿತಿದ್ದ. ಬಿಟ್ಟರೆ ನಡುಗುತ್ತವೆ. ಅರವತ್ತೆರಡು ವರ್ಷದ ಕೈ, ನಡುಗಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಅವು ವಯಸ್ಸಿಗೆ ನಡುಗುತ್ತಿಲ್ಲ ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ರಾಜಮಾಳ ಮಗ್ಗುಲಲ್ಲಿ ಅನಿತಾ ಕಿಟಕಿಗೆ ತಲೆ ಆನಿಸಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. ಮಧ್ಯಾಹ್ನ ಜಿಲ್ಲಾ ಆಯ್ಕೆಯ ಕುಸ್ತಿ. ಗೆದ್ದರೆ ರಾಜ್ಯದ ಪಂದ್ಯ, ಸೋತರೆ ಇನ್ನೊಂದು ವರ್ಷ ಅಸೂಟಿಯ ಹೊಲಗಳಲ್ಲಿ ಅವ್ವ ಉಡಚವ್ವನ ಜೊತೆ ಕೂಲಿಗೆ ಕಳೆ ತೆಗೆಯುವುದು. ಇಂಥ ದಿನವೂ ಈ ಹುಡುಗಿಗೆ ನಿದ್ದೆ ಬರುತ್ತದಲ್ಲ! ಅವಳ ಕುತ್ತಿಗೆಯನ್ನೇ ಅವನು ನೋಡುತ್ತಿದ್ದ. ಯಾ ಅಲ್ಲಾ, ಎಂಥ ಕುತ್ತಿಗೆ. ಕಿವಿಯ ಹಿಂದಿನಿಂದ ಹೆಗಲಿಗೆ ಇಳಿಯುವಲ್ಲಿ ಎರಡು ಬೆರಳು ದಪ್ಪದ ನರ, ನಿದ್ದೆಯಲ್ಲೂ ಸಡಿಲಾಗದ್ದು. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿಗಳೆರಡೂ ಮುದ್ದೆಯಾಗಿದ್ದವು. ಓಲೆ ಇಟ್ಟರೆ ಕೂಡುವುದಿಲ್ಲವೆಂದು ಉಡಚವ್ವ ಅತ್ತಿದ್ದಳಂತೆ; ಇವಳು ಓಲೆಯನ್ನು ತಂಗಿಗೆ ಕೊಟ್ಟು ಕೈ ತೊಳೆದುಕೊಂಡಿದ್ದಳು. ಹತ್ತೊಂಬತ್ತು ವರ್ಷ. ಆ ವಯಸ್ಸಿಗೆ ಇಷ್ಟು ಕೆಲಸ ಮಾಡಿದ ಮೈಯನ್ನು ನಬೀಸಾಬ ಗಂಡಸರಲ್ಲೂ ನಾಲ್ಕೈದೇ ಕಂಡಿದ್ದ. ಹೆಮ್ಮೆಯಿಂದ ಅವನ ಎದೆ ಉಬ್ಬುತ್ತಿತ್ತು, ಮರುಕ್ಷಣವೇ ಕಣ್ಣು ಅವಳ ಎಡಭುಜಕ್ಕೆ ಹೋಗಿ ನಿಲ್ಲುತ್ತಿತ್ತು. ಯಾಕೆಂದರೆ ನಿನ್ನೆ ಸಂಜೆ ತಾಲೀಮಿನ ಕಟ್ಟೆಯ ಮೇಲೆ ಅವಳು ಹೇಳಿದ್ದಳು: "ಎಡಭುಜದ್ದು ನನಗ ತಿಳೀವಲ್ದು ಕಾಕಾ. ನಾಳಿ ತೂಕ ಆದ ಮ್ಯಾಲ ನೀವು ನೋಡ್ರಿ. ನೀವು ಹೂಂ ಅಂದ್ರ ಆಡ್ತೇನಿ. ಊಂಹೂಂ ಅಂದ್ರ ಹಂಗs ಬಸ್ಸು ಹತ್ತತೇನಿ." ಇಷ್ಟು ಹೇಳಿ ಎದ್ದು ಹೋಗಿ ನೂರು ಬೈಠಕ್ ಹೊಡೆದಿದ್ದಳು.

ನೋವು ಶುರುವಾದದ್ದು ದಸರೆಯ ಸುಮಾರಿಗೆ. ಗದಗಿನ ದವಾಖಾನೆಯಲ್ಲಿ ಫೋಟೋ ತೆಗೆದ ಡಾಕ್ಟರು, ಎಲುಬು ಚಲೋ ಇದೆ, ನೋವಿದ್ದರೆ ಮಾತ್ರ ಆಡಬೇಡ ಎಂದಿದ್ದರು. ನೋವಿದ್ದರೆ! ಪೈಲವಾನರನ್ನು ಕೇಳುವ ಮಾತೇ ಅದು? ನಲವತ್ತು ವರ್ಷ ಅವರ ಮೈ ತಿಕ್ಕಿದ ನಬೀಸಾಬನಿಗೆ ಗೊತ್ತು, ಅವರ ಬಾಯಿ ಒಂದು ಹೇಳುತ್ತದೆ, ಮೈ ಒಂದು ಹೇಳುತ್ತದೆ, ಮೈಯನ್ನು ಕೇಳಲು ಬೆರಳು ಬೇಕು. ಆದರೆ ಅನಿತಾಳ ಮೈಗೆ ಅವನು ಬೆರಳು ಹಚ್ಚುವಂತಿರಲಿಲ್ಲ. ಆರು ವರ್ಷದ ಹಿಂದೆ ತಾಲೀಮಿಗೆ ಹೆಣ್ಣುಮಕ್ಕಳು ಬರತೊಡಗಿದಾಗ ಆ ಕಟ್ಟಳೆ ಹಾಕಿದವನು ಅವನೇ. "ಪರರ ಹೆಣ್ಣಮಕ್ಕಳ ಮೈ ನಾ ಮುಟ್ಟೂದಿಲ್ಲಪಾ, ನನ್ನ ಹೇಣ್ತಿ ಮುಟ್ಟತಾಳ," ಎಂದಿದ್ದ. ಅವತ್ತಿನಿಂದ ರಾಜಮಾ ಅವನ ಕೈಯಾದಳು. ಅವಳು ಒಳಗೆ ಹುಡುಗಿಯ ಮಗ್ಗುಲಲ್ಲಿ ಕುಸುಬೆ ಎಣ್ಣೆ ಹಚ್ಚಿಕೊಂಡು ಕೂಡುವುದು, ಇವನು ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತು ಹೇಳುವುದು: ಹೆಬ್ಬೆರಳು ಕೆಳಗಿಳಸು, ಹಂಗs ಒತ್ತು, ತೋಳು ತಿರುಗಸು, ಏನು ಹತ್ತತು? ಮೊದಲಲ್ಲಿ ಅವಳಿಗೆ ಹೇಳಲು ಮಾತೇ ಸಿಗುತ್ತಿರಲಿಲ್ಲ. ಆಮೇಲೆ ಸಿಕ್ಕಿತು. ಗಂಡಹೆಂಡತಿ ಇಬ್ಬರೂ ಹುಟ್ಟಿನಿಂದ ಅರಳೆಯೊಳಗೇ ಬೆಳೆದವರು, ಹಿಂಜಿ ಗಾದಿ ಹೊಲಿದು ಹೊಟ್ಟೆ ಹೊರೆದವರು. ಅರಳೆಯಲ್ಲಿ ಬೆರಳಿಗೆ ಹತ್ತುವುದು ಎರಡೇ. ಗಂಟಾದರೆ ಹಿಂಜಿದರೆ ಬಿಡುತ್ತದೆ. ಬೀಜ ಉಳಿದಿದ್ದರೆ ಹಿಂಜಿದಷ್ಟೂ ಒಡೆದು ಕರಕರ ಎನ್ನುತ್ತದೆ, ಸುತ್ತಲಿನ ಅರಳೆಯನ್ನೂ ಹಾಳು ಮಾಡುತ್ತದೆ. ಹಾಗಾಗಿ ಬಾಗಿಲ ಹೊರಗಿನಿಂದ ಅವನು ಕೇಳುವುದು ಒಂದೇ ಪ್ರಶ್ನೆ. "ಗಂಟೋ, ಬೀಜೋ?" ಆರು ವರ್ಷದಲ್ಲಿ ರಾಜಮಾ ಪ್ರತಿಸಲವೂ ಗಂಟು ಎಂದೇ ಹೇಳಿದ್ದಳು. ಬೀಜ ಹೇಗಿರುತ್ತದೆಂದು ಬೆರಳಿನಿಂದ ಬಲ್ಲವನು ನಬೀಸಾಬ. ಅದೂ ಒಂದೇ ಸಲ.

ಆ ಒಂದು ಸಲದ ಬೀಜ ಈಗ ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲು ನೋಡುತ್ತಿತ್ತು. ಫಕೀರೇಶ, ಅನಿತಾಳಿಗೆ ಕುಸ್ತಿ ಕಲಿಸುವ ವಸ್ತಾದ, ಮೂವತ್ತೆಂಟರ ಗಟ್ಟಿಯಾಳು. ಬಲಗೈಯಲ್ಲಿ ಮೊಬೈಲು ಹಿಡಿಯಬಲ್ಲ, ತುತ್ತು ಎತ್ತಬಲ್ಲ. ಹೆಗಲಿನ ಮಟ್ಟಕ್ಕಿಂತ ಮೇಲೆ ಆ ಕೈ ಏಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನರಗುಂದದ ಕುಸ್ತಿಯಲ್ಲಿ ಕೆಮ್ಮಣ್ಣು ತುಂಬಿದ ಅಖಾಡದ ಅಂಚಿಗೆ ಇದೇ ಫಕೀರೇಶ ಲಂಗೋಟಿಯಲ್ಲಿ ಕುಳಿತಿದ್ದ, ನಬೀಸಾಬ ಅವನ ಬಲಭುಜ ತಿಕ್ಕುತ್ತಿದ್ದ. ಹೆಬ್ಬೆರಳು ಭುಜದ ಚಿಪ್ಪಿನ ಕೆಳಗೆ ಜಾರಿದಾಗ ಒಳಗೆ ಏನೋ ಕರಕ್ ಎಂದಿತು. ಮತ್ತೆ ಒತ್ತಿದ. ಮತ್ತೆ ಎಂದಿತು. ಫಕೀರೇಶ ತಿರುಗಿ, "ಏನರ ಐತೇನ್ರಿ ಕಾಕಾ?" ಎಂದು ಮೆಲ್ಲಗೆ ಕೇಳಿದ. ಹೇಳಬಹುದಿತ್ತು. ಒಂದೇ ಮಾತು ಸಾಕಾಗಿತ್ತು. ಆದರೆ ಮುಂದಿನ ಸಾಲಿನ ಮಂದಿ ಶೇಂಗಾ ತಿನ್ನುವುದು ಬಿಟ್ಟು ಇವನ ಕೈಯನ್ನೇ ನೋಡುತ್ತಿದ್ದರು. "ನಬೀಸಾಬ ಕೈ ಆಡಿಸಿದ ಅಂದ್ರ ಮುಗೀತು ತಗೀರಿ, ಮುರದ್ದೂ ಕೂಡತೈತಿ," ಎಂದು ಯಾವನೋ ಗಟ್ಟಿಯಾಗಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಇವನು ಆ ಭುಜದ ಮೇಲೆ ಅಖಾಡಕ್ಕೆಲ್ಲ ಕೇಳುವ ಹಾಗೆ ಒಂದು ಬಡಿದು, "ಏನೂ ಇಲ್ಲ, ಹೋಗಲೇ ಹುಲಿ!" ಎಂದ. ಫಕೀರೇಶ ಗೆದ್ದ. ಬೆಳ್ಳಿಯ ಗದೆ ಗೆದ್ದ. ಜನ ನಬೀಸಾಬನ ತಲೆಗೂ ಪಟಗಾ ಸುತ್ತಿ ಹೆಗಲ ಮೇಲೆ ಹೊತ್ತು ಕುಣಿದರು. ಮೂರನೆಯ ದಿನ ಫಕೀರೇಶನ ಕೈ ಏಳಲಿಲ್ಲ, ಮತ್ತೆಂದೂ ಏಳಲಿಲ್ಲ. ಗುದ್ದಾಟದಲ್ಲಿ ಪೆಟ್ಟಾಯಿತು ಎಂದು ಊರು ಅಂದುಕೊಂಡಿತು, ಫಕೀರೇಶನೂ ಹಾಗೇ ಅಂದುಕೊಂಡ. ಎರಡು ಸಲ ಬಂದು ತಿಕ್ಕಿಕೊಡಿ ಎಂದು ಕೇಳಿದ; ನಬೀಸಾಬ ಎರಡು ಸಲವೂ ಏನೋ ನೆವ ಹೇಳಿ ದವಾಖಾನೆಗೆ ಕಳಿಸಿದ. ಹನ್ನೊಂದು ವರ್ಷದಲ್ಲಿ ಆ ಭುಜಕ್ಕೆ ಅವನು ಒಂದು ಬೆರಳೂ ತಾಗಿಸಿಲ್ಲ. ದಿನಾ ಮುಂಜಾನೆ ಅದೇ ಫಕೀರೇಶ ಎದುರಾಗಿ, "ಅರಾಮ್ರೇನ್ರಿ ಕಾಕಾ?" ಎಂದು ಕಾಲು ಮುಟ್ಟಲು ಬಗ್ಗುತ್ತಾನೆ. ಆ ಬಗ್ಗುವಿಕೆಯಷ್ಟು ಅವಮಾನ ಯಾವ ಬೈಗುಳದಿಂದಲೂ ಆಗುತ್ತಿರಲಿಲ್ಲ.

ತಮಾಷೆ ನೋಡಿ, ಅಲ್ಲಿಗೇ ಮುಗಿದಿದ್ದರೆ ಒಬ್ಬನ ಪಾಪ ಒಬ್ಬನ ಭುಜದಲ್ಲೇ ಉಳಿಯುತ್ತಿತ್ತು. ಫಕೀರೇಶ ವಸ್ತಾದನಾದ. ಪಟ್ಟು ತೋರಿಸಬೇಕಲ್ಲ, ಬಲಗೈ ಏಳುವುದಿಲ್ಲ, ಎಲ್ಲವನ್ನೂ ಎಡಗೈಯಿಂದಲೇ ತೋರಿಸಿದ. ಎಡಗಾಲು ಮುಂದೆ, ಎಡಗೈ ಚಾಚಿ ಎದುರಾಳಿಯ ಕಾಲಿಗೆ ಬೀಳು. ಮಕ್ಕಳು ಕಂಡದ್ದನ್ನು ಕಲಿತರು. ಈಗ ಜಿಲ್ಲೆಯಲ್ಲೆಲ್ಲ "ರೋಣದವ್ರು ಎಡಕ್ಕs ಬರ್ತಾರ" ಎಂದು ಮಾತು. ಅನಿತಾ ಎಲ್ಲರಿಗಿಂತ ಚೆನ್ನಾಗಿ ಕಲಿತಳು, ದಿನಕ್ಕೆ ಇನ್ನೂರು ಸಲ ಎಡಗೈ ಚಾಚಿದಳು, ಆರು ವರ್ಷ. ಭುಜ ಸವೆಯದೆ ಏನು ಮಾಡೀತು? ಯಾರಿಗೂ ಹೊಳೆಯದ ಈ ಲೆಕ್ಕ ನಬೀಸಾಬನಿಗೆ ಹೋದ ತಿಂಗಳು ಗಾದಿ ಹೊಲಿಯುವಾಗ ಇದ್ದಕ್ಕಿದ್ದಂತೆ ಹೊಳೆದು, ದಬ್ಬಣ ಬೆರಳಿಗೆ ಚುಚ್ಚಿತ್ತು. ಬಸ್ಸು ಗಜೇಂದ್ರಗಡ ಮುಟ್ಟಿತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಅನಿತಾ ಎಚ್ಚೆತ್ತು, "ಬಂತೇನ್ರಿ ಕಾಕಾ?" ಎಂದು ಕಣ್ಣುಜ್ಜಿಕೊಂಡು ನಕ್ಕಳು.

ಕುಸ್ತಿ ಇದ್ದದ್ದು ಒಂದು ಹೈಸ್ಕೂಲಿನ ದೊಡ್ಡ ಹಾಲಿನಲ್ಲಿ. ಗೇಟಿನಲ್ಲಿ ಕೊರಳಿಗೆ ಚೀಟಿ ಹಾಕಿಕೊಂಡವನೊಬ್ಬ ನಬೀಸಾಬನನ್ನು ತಡೆದ. "ನೀವು ಯಾರ ಪೈಕಿರಿ, ಯಜಮಾನ್ರ?" "ಮಾಲೀಸಿನಾವ್ರಿ." "ಹೆಣ್ಣಮಕ್ಕಳ ಕುಸ್ತಿ ಐತ್ರಿ ಇದು," ಎಂದ ಅವನು, ಒಂದು ಥರ ನಗುತ್ತ. ಸುತ್ತಲಿದ್ದವರೂ ತಿರುಗಿ ನೋಡಿದರು. ನಬೀಸಾಬನ ಮುಖಕ್ಕೆ ರಕ್ತ ನುಗ್ಗಿತು. ನಲವತ್ತು ವರ್ಷ ಕಾಪಾಡಿಕೊಂಡ ಮರ್ಯಾದೆ ಒಂದು ನಗೆಗೆ ಚಿಂದಿಯಾಯಿತಲ್ಲ ಎಂದು ನಿಂತಲ್ಲೇ ನಿಂತ. ಅನಿತಾ ಹಿಂದಿರುಗಿ ಬಂದಳು, ಅವನ ಕೈಚೀಲ ಇಸಿದುಕೊಂಡಳು. "ಇವ್ರು ನಮ್ಮ ಕಾಕಾ. ಇವ್ರು ಒಳಗ ಬರಲಿಲ್ಲ ಅಂದ್ರ ನಾನೂ ಬರೂದಿಲ್ಲ." ದನಿ ಏರಿಸಲಿಲ್ಲ. ಗೇಟಿನವನು ಅವಳ ಕಿವಿ ನೋಡಿದ, ಕುತ್ತಿಗೆ ನೋಡಿದ, ದಾರಿ ಬಿಟ್ಟ.

ತೂಕವಾಯಿತು, ಐವತ್ತೇಳು ಕಿಲೋಗೆ ಸರಿಯಾಗಿ ಇದ್ದಳು. ಹೆಣ್ಣುಮಕ್ಕಳಿಗೆಂದು ಕಿಟಕಿಗೆ ಚಾದರ ಕಟ್ಟಿದ ಒಂದು ಕ್ಲಾಸಿನ ಕೋಣೆ ಕೊಟ್ಟಿದ್ದರು. ರಾಜಮಾ ಮತ್ತು ಅನಿತಾ ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡರು. ನಬೀಸಾಬ ಹೊರಗೆ ಗೋಡೆಗೆ ಮುಖ ಮಾಡಿ ನಿಂತ. ಫಕೀರೇಶ ಕಂಬಕ್ಕೆ ಒರಗಿದ. "ಎಣ್ಣಿ ಹಚ್ಚಿದಿ? ಹೆಬ್ಬೆರಳು ಚಿಪ್ಪಿನ ಕೆಳಗ ತಗೊಂಡು ಹೋಗು. ಇನ್ನೊಂದು ಕೈಲೆ ತೋಳು ಎತ್ತು. ಸಾವಕಾಶ." ಹೇಳುತ್ತ ಹೇಳುತ್ತ ಅವನ ಬಲಗೈ ತನ್ನದೇ ಎಡಭುಜದ ಮೇಲೆ ಹೋಗಿ, ಒಳಗಿನವಳ ಕೈ ಹೋದಲ್ಲೆಲ್ಲ ಹೋಗುತ್ತಿತ್ತು. "ಗಂಟೋ, ಬೀಜೋ?" ಎಂದು ಕೇಳಿದ. ರಾಜಮಾ ಉತ್ತರ ಕೊಡಲಿಲ್ಲ. ಆರು ವರ್ಷದಲ್ಲಿ ಅವಳು ಇಷ್ಟು ತಡ ಮಾಡಿದ್ದಿಲ್ಲ. "ಹೇಳs ರಾಜಮಾ." ಆಗ ಕದದ ಹಿಂದಿನಿಂದ ಸಣ್ಣ ದನಿ ಬಂತು: "ಕರಕ್ ಅಂತದರಿ. ಎರಡು ಸಲ ನೋಡಿದೆ. ಎರಡೂ ಸಲ ಅಂತು. ಹುಡುಗಿ ಹಲ್ಲು ಕಚ್ಚ್ಯಾಳ, ನೋವಿಲ್ಲ ಅಂತಾಳ."

ಈಗ ಏನು ಹೇಳಬೇಕು? ಇದನ್ನು ಓದುವವರಿಗೆ ಸುಲಭವೆನಿಸಬಹುದು. ನಬೀಸಾಬನಿಗೆ ಮಾತ್ರ ಸುಲಭವಿರಲಿಲ್ಲ. "ಗಂಟು ಅದು, ಏನಾಗೂದಿಲ್ಲ" ಎಂಬ ಮಾತು ತುಟಿಯ ತನಕ ತಾನಾಗೇ ಬಂತು. ಹುಡುಗಿಯ ಧೈರ್ಯ ಮುರಿಯಬಾರದು, ಆರು ವರ್ಷ ದುಡಿದಿದ್ದಾಳೆ, ಇವತ್ತೊಂದು ದಿನ ತಡೆದೀತು, ಫಕೀರೇಶ ಗೆಲ್ಲಲಿಲ್ಲವೇ? ಎಷ್ಟು ಚೆಂದದ ಕಾರಣಗಳು. ಅವತ್ತೂ ಇವೇ ಬಂದಿದ್ದವು. ಅವನು ಗೋಡೆಯ ಸುಣ್ಣ ನೋಡುತ್ತ ನಿಂತ, ಆಮೇಲೆ ಒದರಿದ ಹಾಗೆ ಮಾತು ಹೊರಬಿತ್ತು. "ಬ್ಯಾಡ ಯವ್ವಾ. ಊಂಹೂಂ. ಆಡಬ್ಯಾಡ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. "ನರಗುಂದದಾಗ ಫಕೀರೇಶನ ಭುಜಾನೂ ಹಿಂಗs ಅಂದಿತ್ತು. ನನ್ನ ಬೆರಳಿಗೆ ಹತ್ತಿತ್ತು. ಅವ ಕೇಳಿದ, ನಾ ಏನೂ ಇಲ್ಲ ಅಂತ ಸುಳ್ಳ ಹೇಳಿದೆ. ಅವನ ಕೈ ತಿಂದಾವ ನಾನs. ನಿನ್ನ ಕೈನೂ ತಿನ್ನಲಾರೆ."

ಕಂಬಕ್ಕೆ ಒರಗಿದ್ದ ಫಕೀರೇಶ ನೆಟ್ಟಗಾದ. ನಬೀಸಾಬ ಅವನ ಕಡೆ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ಕದ ತೆರೆದು ಅನಿತಾ ಹೊರಗೆ ಬಂದಳು, ಮೈಮೇಲೆ ಟವೆಲು ಹೊದ್ದುಕೊಂಡು. ಇಬ್ಬರ ಮುಖವನ್ನೂ ನೋಡಿದಳು. ಅಳುತ್ತಾಳೆ ಎಂದುಕೊಂಡರೆ, ತನ್ನ ಬಲಗೈಯನ್ನು ಮುಂದೆ ಹಿಡಿದು ಅದನ್ನೇ ಮೊದಲ ಸಲ ಕಂಡವಳಂತೆ ತಿರುಗಿಸಿ ತಿರುಗಿಸಿ ನೋಡಿದಳು. "ಕಳೆ ತೆಗ್ಯಾಕ ಕುರಪಿ ಹಿಡಿಯೂದು ಈ ಕೈಲೆ. ರೊಟ್ಟಿ ಬಡಿಯೂದು ಈ ಕೈಲೆ. ಕುಸ್ತಿಗೆ ಅಷ್ಟs ಎಡಗೈ ಯಾಕ ಅಂತ ಒಂದಿನಾನೂ ಕೇಳಲಿಲ್ಲ ನೋಡ್ರಿ ನಾ," ಎಂದಳು. ಆಮೇಲೆ, "ಎಡಗೈ ಚಾಚೂದಿಲ್ಲ ಕಾಕಾ. ನಿಮ್ಮಾಣಿ. ಬಲಗೈಲೆ ಆಡ್ತೇನಿ. ಸೋತ್ರ ಸೋತೆ. ಅಷ್ಟಕ್ಕ ಹೂಂ ಅಂತೀರೇನು?" ಆರು ವರ್ಷ ಕಲಿತದ್ದನ್ನೆಲ್ಲ ಕಿತ್ತು ಬದಿಗಿಟ್ಟು, ಕಲಿಯದೆ ಇದ್ದುದನ್ನು ಹಿಡಿದು ಇನ್ನೊಂದು ತಾಸಿನಲ್ಲಿ ಅಖಾಡಕ್ಕೆ ಇಳಿಯುತ್ತೇನೆನ್ನುವ ಈ ಹುಡುಗಿಯ ಎದೆಗಾರಿಕೆಗೆ ಏನೆನ್ನಬೇಕು! ನಬೀಸಾಬ ಹೂಂ ಎಂದ. ಫಕೀರೇಶ ಅವಳನ್ನು ಮೂಲೆಗೆ ಕರೆದುಕೊಂಡು ಹೋಗಿ, "ಬಲಗಾಲು ಮುಂದ ಇಡು," ಎಂದಷ್ಟೇ ಹೇಳಿ, ತನ್ನ ಬಲಗೈಯನ್ನು ಎಷ್ಟು ಏಳುತ್ತದೋ ಅಷ್ಟು ಎತ್ತಿ, ಹಲ್ಲು ಕಚ್ಚಿ, ಪಟ್ಟು ತೋರಿಸತೊಡಗಿದ. ತಿರುಗಿ ತಿರುಗಿ ಹತ್ತು ಸಲ ತೋರಿಸಿದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಎದುರಾಳಿ ಹೀನಾ ಎಂಬ ನರಗುಂದದ ಹುಡುಗಿ, ನೀಳ ಕಾಲಿನವಳು, ಚುರುಕು. ರೋಣದವರು ಎಡಕ್ಕೇ ಬರುತ್ತಾರೆಂದು ಅವಳಿಗೂ ಪಾಠವಾಗಿತ್ತು. ಆ ಬದಿಯ ಕಾಲನ್ನು ಹಿಂದಕ್ಕೆ ಎಳೆದಿಟ್ಟುಕೊಂಡೇ ನಿಂತಳು. ಪಂಚರು ಸೀಟಿ ಊದಿದರು. ಅನಿತಾ ಬಲಗೈಯಿಂದ ಇನ್ನೊಂದು ಕಾಲಿಗೆ ಬಿದ್ದಳು. ಚೆಂದವಿರಲಿಲ್ಲ, ಮೇವಿನ ಹೊರೆ ಅಪ್ಪಿಕೊಂಡ ಹಾಗಿತ್ತು, ಆದರೆ ಹೀನಾ ಕೆಳಗೆ ಬಿದ್ದಳು. ಎರಡು ಪಾಯಿಂಟು! ರಾಜಮಾ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯಿಂದ ಅರ್ಧ ಎದ್ದಳು. ಹೀನಾ ಎದ್ದು ತಿಳಿದುಕೊಂಡಳು, ತಿರುಗಿ ಬಿದ್ದಳು, ಎರಡಕ್ಕೆ ಎರಡು ಮಾಡಿದಳು, ಒಮ್ಮೆ ಮ್ಯಾಟಿನ ಹೊರಗೆ ನೂಕಿ ಮೂರು ಮಾಡಿದಳು. ಎರಡನೆಯ ಸುತ್ತಿನಲ್ಲಿ ಅನಿತಾ ಅವಳನ್ನು ನೂಕಿದಳು, ಮೂರಕ್ಕೆ ಮೂರು. ಹೀನಾ ಮತ್ತೆ ನೂಕಿದಳು, ನಾಲ್ಕು. ಎಡಗೈಯನ್ನು ಅನಿತಾ ಪಕ್ಕೆಗೆ ಒತ್ತಿಕೊಂಡೇ ಇದ್ದಳು, ಅದು ತನ್ನ ಕೈಯಲ್ಲ, ಯಾರದೋ ಮಗುವನ್ನು ಎತ್ತಿಕೊಂಡಿದ್ದೇನೆ ಎನ್ನುವ ಹಾಗೆ. ಏದುಸಿರು ಹತ್ತಿತ್ತು, ತುಟಿ ಒಡೆದು ರಕ್ತ ಬಂದಿತ್ತು, ಬಲಗೈ ತಪ್ಪುತ್ತಿತ್ತು, ಮತ್ತೆ ಹೋಗುತ್ತಿತ್ತು. ಇಂಥ ಕುಸ್ತಿಯನ್ನು ನಬೀಸಾಬ ಜನ್ಮದಲ್ಲಿ ನೋಡಿರಲಿಲ್ಲ. ಕೊನೆಯ ಹತ್ತು ಸೆಕೆಂಡು ಉಳಿದಾಗ ಹೀನಾ ದಣಿದಳು. ಅಷ್ಟು ಹೊತ್ತು ಹಿಂದೆ ಇಟ್ಟುಕೊಂಡಿದ್ದ ಕಾಲು ಮುಂದೆ ಬಂದು, ಅನಿತಾಳ ಎಡಗೈಯ ಎದುರಿಗೇ ನಿಂತಿತು. ಒಂದು ಮೊಳ ದೂರ. ಆರು ವರ್ಷ ದಿನಕ್ಕೆ ಇನ್ನೂರು ಸಲ ಹಿಡಿದ ಕಾಲು. ಇಡೀ ಹಾಲು ಎದ್ದು ನಿಂತು ಕೂಗಿತು. "ಎಡಗೈ! ಎಡಗೈ!" ಆ ಕೂಗಿನೊಳಗೆ ಎಲ್ಲಕ್ಕಿಂತ ಗಟ್ಟಿಯಾದ ಒಂದು ದನಿ, "ಹಾಕs ಯವ್ವಾ, ಎಡಗೈ ಹಾಕು!" ಎಂದು ಸೀಳಿಕೊಂಡು ಬಂದದ್ದು ತನ್ನದೇ ಗಂಟಲಿನಿಂದ ಎಂದು ನಬೀಸಾಬನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು.

ಅನಿತಾಳ ಎಡಗೈ ಪಕ್ಕೆ ಬಿಟ್ಟಿತು, ಬೆರಳು ಅಗಲಿಸಿತು, ಅಲ್ಲೇ ನಿಂತಿತು. ಅವಳು ಮೈ ತಿರುಗಿಸಿ ಬಲಗೈ ಹಾಕಿದಳು. ಅಷ್ಟರಲ್ಲಿ ಕಾಲು ಜಾರಿಹೋಗಿತ್ತು. ಪಂಚರು ಸೀಟಿ ಊದಿ ಹೀನಾಳ ಕೈ ಎತ್ತಿದರು. ಒಂದು ಪಾಯಿಂಟಿನಿಂದ ಅನಿತಾ ಸೋತಿದ್ದಳು.

ಅವಳು ಹೊರಗಿನ ಪಡಸಾಲೆಗೆ ಬಂದು ರಾಜಮಾಳ ತೊಡೆಯಲ್ಲಿ ಮುಖ ಇಟ್ಟು ಅತ್ತಳು. ಜೋರಾಗಿಯೇ ಅತ್ತಳು, ನಾಚಿಕೆಯಿಲ್ಲದೆ. ಆಮೇಲೆ ಎದ್ದು ಮುಖ ತೊಳೆದು, ಬುತ್ತಿ ಬಿಚ್ಚಿ ರೊಟ್ಟಿ ತಿನ್ನಲು ಕುಳಿತಳು. ಒಡೆದ ತುಟಿಗೆ ಹಿಂಡಿಯ ಖಾರ ತಾಗಿ ಉಸ್ಸೆಂದಳು. ನಬೀಸಾಬ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ತನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕೆನಿಸುತ್ತಿತ್ತು. ಹನ್ನೊಂದು ವರ್ಷ ಸುಟ್ಟುಕೊಂಡರೂ ಒಳಗಿನವನು ಬದಲಾಗಿರಲಿಲ್ಲ. ಮಂದಿ ಕೂಗಿದರೆ ತಾನೂ ಕೂಗುವವನು ಅಲ್ಲೇ ಇದ್ದ. "ತಪ್ಪಾತ ಯವ್ವಾ," ಎಂದ. "ಆಣಿ ಇಡಿಸಿಕೊಂಡಾವ ನಾನs ಒದರಿದೆ."

"ಕೇಳ್ತರಿ ಕಾಕಾ. ಎಲ್ಲಾರಕಿಂತ ನಿಮ್ಮ ದನೀನs ಕೇಳ್ತು."

"ಮತ್ತ ಯಾಕ ಹಾಕಲಿಲ್ಲ? ಹಾಕಿದ್ರ ಗೆಲ್ತಿದ್ದಿ."

ಅನಿತಾ ರೊಟ್ಟಿ ಮುರಿಯುತ್ತ ಯೋಚಿಸಿದಳು. "ಆಟದಾಗ ನೀವು ಒದರಿದ್ದು ಕುಸ್ತಿಗೆ. ಮಧ್ಯಾಹ್ನ ಬಾಗಲದಾಗ ಹೇಳಿದ್ದು ನನಗ. ನನಗ ಹೇಳಿದ್ದನ್ನ ನಾ ಕೇಳಿದೆ." ಎಂದು, ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಳು.

ನಬೀಸಾಬನಿಗೆ ಕಣ್ಣು ತುಂಬಿ ಬಂದು ಅಂಗಳದಲ್ಲಿದ್ದ ಹುಡುಗಿಯರೆಲ್ಲ ಮಸುಕಾದರು. ಯಾರೋ ಮಗ್ಗುಲಿಗೆ ಬಂದು ಕುಳಿತ ಸಪ್ಪಳವಾಯಿತು. ಫಕೀರೇಶ. ಮಧ್ಯಾಹ್ನದಿಂದ ಅವನು ಇವನೊಡನೆ ಒಂದು ಮಾತೂ ಆಡಿರಲಿಲ್ಲ. ಈಗಲೂ ಮುಖ ನೋಡದೆ, ನೆಲ ನೋಡುತ್ತ ಕೇಳಿದ: "ಹಂಗಾರ ಅವತ್ತು ನರಗುಂದದಾಗ ಹೇಳಿದ್ದು ಯಾರಿಗ್ರಿ, ಕಾಕಾ?"

"ಮಂದಿಗೆ," ಎಂದ ನಬೀಸಾಬ. "ನಿನಗ ಹೇಳಿರಲಿಲ್ಲೋ ಫಕೀರೇಶಾ. ಮಂದಿಗೆ ಹೇಳಿದ್ದೆ."

ಫಕೀರೇಶನ ದವಡೆ ಬಿಗಿಯಿತು. ಹೊಡೆಯುತ್ತಾನೆ ಎಂದು ನಬೀಸಾಬನಿಗೆ ಅನಿಸಿತು, ಹೊಡೆದರೆ ಒಳ್ಳೆಯದೇ ಎಂದೂ ಅನಿಸಿತು. ಫಕೀರೇಶ ಎಡಗೈಯಿಂದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಬಲತೋಳನ್ನು ಹೊರಗೆ ಎಳೆದುಕೊಂಡು, ಬರಿಯ ಭುಜವನ್ನು ಅವನ ಕಡೆ ತಿರುಗಿಸಿ ಕುಳಿತ.

"ಈಗ ನೋಡ್ರಿ," ಎಂದ. "ನೋಡಿ ನನಗ ಹೇಳ್ರಿ."

ನಬೀಸಾಬನ ಕೈ ಹೋಯಿತು. ಹೆಬ್ಬೆರಳು ಚಿಪ್ಪಿನ ಕೆಳಗೆ ಇಳಿಯಿತು, ತೋಳನ್ನು ಮೆಲ್ಲಗೆ ಎತ್ತಿತು, ನಿಲ್ಲುವಲ್ಲಿ ನಿಂತಿತು. ಮತ್ತೊಮ್ಮೆ ನೋಡಿದ. ಅನಿತಾ ತಿನ್ನುವುದನ್ನು ಬಿಟ್ಟಿದ್ದಳು.

"ಇನ್ನ ಮ್ಯಾಲ ಏಳೂದಿಲ್ಲ," ಎಂದ. "ಎಂದೂ ಏಳೂದಿಲ್ಲ, ಮಗನ."

"ಹೂಂ," ಎಂದ ಫಕೀರೇಶ. ಭುಜವನ್ನು ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.